ಜಮ್ಮಾ ಕಡತದಲ್ಲಿ ಪೂರ್ವಜರ ಹೆಜ್ಜೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೊಡಗಿನ ಐನ್‌ಮನೆಗಳ, ಅಂದರೆ ಮನೆತನದ ಮೂಲ ಮನೆಗಳ, ಅಟ್ಟದಲ್ಲಿ ಉಳಿದಿರುವ ಹಳೆಯ ಕಾಗದಪತ್ರಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳುತ್ತವೆ: ರಾಜರ ಕಾಲದಲ್ಲಿ ಸೈನಿಕ ಸೇವೆಯ ಮೇಲೆ ದೊರೆತ ಜಮ್ಮಾ ಭೂಮಿಯ ದಾಖಲೆಗಳಿಂದ ಮನೆತನದ ವಂಶಾವಳಿಯನ್ನು ಕಟ್ಟಬಹುದೇ, ಕಟ್ಟುವುದಾದರೆ ಎಲ್ಲಿಂದ ಆರಂಭಿಸಬೇಕು? ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಒಕ್ಕದ (ಒಂದೇ ಮೂಲದಿಂದ ಬಂದ ಮನೆತನದ) ಜಮ್ಮಾ ಭೂಮಿಯ ಹಳೆಯ ದಾಖಲೆಗಳ ದೃಢೀಕೃತ ನಕಲನ್ನು ತೆಗೆಸಿದೆ. ಸುಮಾರು ನೂರು ವರ್ಷಗಳ ಅವಧಿಗೆ ಅದರಲ್ಲಿ ಆರು ಮಂದಿ ಪಟ್ಟೆದಾರರ ಹೆಸರುಗಳಿವೆ. ನನ್ನ ಮುತ್ತಜ್ಜನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಇದನ್ನು ನೋಡಿದ ದಾಯಾದಿಗಳಲ್ಲಿ ಕೆಲವರು, ನಾವು ಒಕ್ಕದ ಮೂಲ ಕವಲಿನವರೇ ಅಲ್ಲವೆಂದು ಹೇಳತೊಡಗಿದ್ದಾರೆ. ದಾಖಲೆಯ ಅರ್ಥ ಅದೇ ಏನು?
ನಿವೃತ್ತ ಶಿಕ್ಷಕರು, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಖಂಡಿತವಾಗಿ ಅಲ್ಲ. ಆ ಪಟ್ಟಿಯಲ್ಲಿ ತಮ್ಮ ಮುತ್ತಜ್ಜನವರ ಹೆಸರಿಲ್ಲ ಎಂಬುದರಿಂದ ತಿಳಿಯುವುದು ಒಂದೇ ಸಂಗತಿ: ಅವರು ಒಕ್ಕದ ಪಟ್ಟೆದಾರರಾಗಲಿಲ್ಲ. ಅವರು ಒಕ್ಕದವರೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಕೆಲಸವನ್ನು ಆ ದಾಖಲೆ ಎಂದೂ ವಹಿಸಿಕೊಂಡಿಲ್ಲ. ಜಮ್ಮಾ ದಾಖಲೆಗಳನ್ನು ಓದುವವರಲ್ಲಿ ಹತ್ತಕ್ಕೆ ಎಂಟು ಮಂದಿ ಎಡವುವುದು ಇಲ್ಲಿಯೇ ಆದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜಮ್ಮ ಎಂಬುದು ಜನ್ಮ ಎಂಬ ಮಾತಿನಿಂದ ಬಂದದ್ದು. ಹುಟ್ಟಿನಿಂದ ಬರುವ ಹಕ್ಕು ಎಂಬುದು ಅದರ ಅರ್ಥ. ಹಾಲೇರಿ ಅರಸರ ಕಾಲದಲ್ಲಿ ಈ ಭೂಮಿಯನ್ನು ಹಿಡಿದವರು ಅರಸ ಕರೆದಾಗ ಆಯುಧ ಹಿಡಿದು ಬರಬೇಕಿತ್ತು, ಅರಮನೆಯ ಮತ್ತು ಗಡಿಯ ಕಾವಲಿಗೆ ಸರದಿಯಂತೆ ನಿಲ್ಲಬೇಕಿತ್ತು. ಅದಕ್ಕೆ ಪ್ರತಿಯಾಗಿ ಅವರ ಗದ್ದೆಗೆ ಕಂದಾಯ ಅರ್ಧ. ಬ್ರಿಟಿಷರ ಕಾಲದ ಲೆಕ್ಕದಲ್ಲಿ ನೂರು ಭಟ್ಟಿ ಗದ್ದೆಗೆ ಪೂರ್ಣ ಕಂದಾಯದ ಸಾಗು ಹಿಡುವಳಿಯವರು 10 ರೂಪಾಯಿ ಕೊಡುತ್ತಿದ್ದರೆ ಜಮ್ಮಾದವರು 5 ರೂಪಾಯಿ ಕೊಡುತ್ತಿದ್ದರು. ಭಟ್ಟಿ ಎಂಬುದು ನೆಲದ ಉದ್ದಗಲದ ಅಳತೆಯಲ್ಲ, ಬೆಳೆಯುವ ಭತ್ತದ ಅಳತೆ. ಹಳೆಯ ಕಾಗದದಲ್ಲಿ ಎಕರೆ ಕಾಣದಿದ್ದರೆ ಗಾಬರಿಯಾಗಬೇಕಾಗಿಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಈ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡರು; 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು.

ವಂಶಾವಳಿ ಕಟ್ಟುವವರಿಗೆ ಮುಖ್ಯವಾದದ್ದು ಈ ಹಿಡುವಳಿಯ ಇನ್ನೊಂದು ಗುಣ. ಜಮ್ಮಾ ಭೂಮಿಯನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಅದು ಒಬ್ಬ ವ್ಯಕ್ತಿಯ ಸ್ವತ್ತಾಗಿರದೆ ಇಡೀ ಒಕ್ಕಕ್ಕೆ ಸೇರಿದ್ದಾಗಿತ್ತು. ಸರ್ಕಾರಕ್ಕೆ ಕಂದಾಯ ಕಟ್ಟಲು ಒಂದು ಹೆಸರು ಬೇಕು. ಆ ಹೆಸರು ಒಕ್ಕದ ಹಿರಿಯನದು, ಅಂದರೆ ಪಟ್ಟೆದಾರನದು. ಅವನು ತೀರಿಕೊಂಡರೆ ಹೆಸರು ಅವನ ಮಗನಿಗೆ ಹೋಗಲೇಬೇಕೆಂದಿಲ್ಲ. ಒಕ್ಕದಲ್ಲಿ ಆಗ ವಯಸ್ಸಿನಲ್ಲಿ ಹಿರಿಯನಾದ ಗಂಡಸಿಗೆ ಹೋಗುತ್ತದೆ. ಅವನು ತೀರಿಕೊಂಡವನ ತಮ್ಮನಾಗಿರಬಹುದು, ಚಿಕ್ಕಪ್ಪನ ಮಗನಾಗಿರಬಹುದು, ಬೇರೊಂದು ಕವಲಿನ ಅಜ್ಜನಾಗಿರಬಹುದು. ಪಟ್ಟೆದಾರಿಕೆ ನೀರಿನಂತೆ ಮೇಲಿಂದ ಕೆಳಕ್ಕೆ ಇಳಿಯುವುದಕ್ಕಿಂತ ಹೆಚ್ಚಾಗಿ ಅಡ್ಡಡ್ಡ ಹರಿಯುತ್ತದೆ.

ತಮ್ಮ ಪಟ್ಟಿಯೇ ಇದಕ್ಕೆ ಸಾಕ್ಷಿ. ಆರು ಹೆಸರುಗಳನ್ನು ಅಪ್ಪ, ಮಗ, ಮೊಮ್ಮಗ ಎಂದು ಓದಿದರೆ ಒಂದು ತಲೆಮಾರಿಗೆ 25 ವರ್ಷದಂತೆ 150 ವರ್ಷ ಬೇಕಾಗುತ್ತದೆ. ತಮ್ಮ ಬಳಿ ಇರುವುದು ನೂರು ವರ್ಷದ ದಾಖಲೆ. ಎಂಬತ್ತರ ಹಿರಿಯರು ತೀರಿಕೊಂಡು ಎಪ್ಪತ್ತಾರರವರು ಪಟ್ಟೆದಾರರಾದರೆ ಅವರ ಹೆಸರು ಕಡತದಲ್ಲಿ ನಾಲ್ಕಾರು ವರ್ಷ ಮಾತ್ರ ಇರುತ್ತದೆ. ಹೀಗೆ ಆರು ಹೆಸರುಗಳಲ್ಲಿ ನಾಲ್ಕು ಒಂದೇ ತಲೆಮಾರಿನವಾಗಿದ್ದರೂ ಆಶ್ಚರ್ಯವಿಲ್ಲ.

ಆದ್ದರಿಂದ ತಾವು ಹೀಗೆ ಮಾಡಿ. ದೊಡ್ಡ ಹಾಳೆಯೊಂದರ ಎಡಗಡೆಯಲ್ಲಿ ಪಟ್ಟೆದಾರರ ಹೆಸರುಗಳನ್ನು, ಅವು ಕಡತದಲ್ಲಿ ಕಾಣಿಸಿಕೊಂಡ ವರ್ಷದೊಡನೆ, ಒಂದರ ಕೆಳಗೆ ಒಂದರಂತೆ ಬರೆಯಿರಿ. ಅವುಗಳ ನಡುವೆ ಗೆರೆ ಎಳೆಯಬೇಡಿ. ಬಲಗಡೆಯಲ್ಲಿ ತಮ್ಮಿಂದ ಆರಂಭಿಸಿ ತಂದೆ, ಅಜ್ಜ, ಮುತ್ತಜ್ಜ ಎಂದು ತಿಳಿದಷ್ಟು ದೂರ ಮೇಲಕ್ಕೆ ಹೋಗಿ. ಈ ಎರಡನ್ನೂ ಜೋಡಿಸುವ ಕೊಂಡಿಗಳು ಬೇರೆ ಕಾಗದಗಳಲ್ಲಿ ಸಿಗುತ್ತವೆ: ಒಕ್ಕದೊಳಗೆ ಗದ್ದೆ ಹಂಚಿಕೊಂಡಾಗ ಬರೆದ ಪಾಲುಪಟ್ಟಿ, ಜಮಾಬಂದಿಯ (ವಾರ್ಷಿಕ ಕಂದಾಯ ಲೆಕ್ಕದ) ನಕಲು, ಶಾಲೆಯ ದಾಖಲಾತಿ ಪುಸ್ತಕ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಆಸ್ತಿ ದಾವೆಗಳು. ಒಕ್ಕದಲ್ಲಿ ಯಾವಾಗಲಾದರೂ ಪಾಲಿನ ವಿಚಾರ ನ್ಯಾಯಾಲಯದವರೆಗೆ ಹೋಗಿದ್ದರೆ ವಾದಪತ್ರದ ಜೊತೆ ವಂಶಾವಳಿಯ ಪಟ್ಟಿಯೊಂದು ಇದ್ದೇ ಇರುತ್ತದೆ. ಅದನ್ನು ಎದುರು ಪಕ್ಷದವರು ಒಪ್ಪಿದ್ದಾರೆಯೇ ಅಲ್ಲಗಳೆದಿದ್ದಾರೆಯೇ ಎಂಬುದೂ ತೀರ್ಪಿನಲ್ಲಿ ಇರುತ್ತದೆ. ಅಣ್ಣತಮ್ಮಂದಿರ ಜಗಳ ಮನಸ್ಸಿಗೆ ನೋವಿನ ಸಂಗತಿಯೇ ಸರಿ, ಆದರೆ ಅದು ಉಳಿಸಿಹೋದಷ್ಟು ಖಚಿತವಾದ ವಂಶಾವಳಿಯನ್ನು ಬೇರೆ ಯಾವ ಕಾಗದವೂ ಉಳಿಸಿಲ್ಲ.

ಇನ್ನೊಂದು ಎಚ್ಚರಿಕೆ ಹೆಸರಿನದು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ನನ್ನದೇ ಒಕ್ಕದ ಕಾಗದಗಳನ್ನು ನೋಡುವಾಗ ಮುದ್ದಯ್ಯ ಎಂಬ ಒಂದೇ ಹೆಸರು ಎರಡು ಕಡೆ ಬಂದುದನ್ನು ಒಬ್ಬರೇ ಎಂದು ತಿಳಿದು, ಎರಡು ವರ್ಷ ಆ ತಪ್ಪಿನ ಮೇಲೆಯೇ ಮುಂದುವರಿದಿದ್ದೆ. ಅವರಲ್ಲಿ ಒಬ್ಬರು ಅಜ್ಜ, ಇನ್ನೊಬ್ಬರು ಮೊಮ್ಮಗ. ಪಾಲುಪಟ್ಟಿಯೊಂದರಲ್ಲಿ ತಂದೆಯ ಹೆಸರನ್ನು ಕಂಡ ದಿನ, ಅದುವರೆಗೆ ಬರೆದ ಹಾಳೆಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಆರಂಭಿಸಬೇಕಾಯಿತು. ಒಕ್ಕದ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಈ ಮೂರೂ ಕೂಡಿದಾಗ ಮಾತ್ರ ಒಬ್ಬ ಮನುಷ್ಯನನ್ನು ಗುರುತಿಸಿದಂತೆ. ಕೊಡಂದೆರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ಕೊಡಂದೆರ ಒಕ್ಕ, ಮಾದಪ್ಪ ತಂದೆ, ಕಾರ್ಯಪ್ಪ ಫೀಲ್ಡ್ ಮಾರ್ಷಲರ ಹೆಸರು. ಹಳೆಯ ಕಂದಾಯ ಪುಸ್ತಕಗಳಲ್ಲಿ ನಡುವಿನ ಹೆಸರನ್ನು ಹೆಚ್ಚಾಗಿ ಬರೆಯುತ್ತಿರಲಿಲ್ಲ. ತೊಡಕೆಲ್ಲ ಅಲ್ಲಿಯೇ ಇದೆ.

ತಮ್ಮ ದಾಯಾದಿಗಳಿಗೆ ಈ ಉತ್ತರವನ್ನು ತೋರಿಸಿ. ಪುತ್ತರಿ ಸುಗ್ಗಿಹಬ್ಬಕ್ಕೆ ಎಲ್ಲರೂ ಐನ್‌ಮನೆಯಲ್ಲಿ ಸೇರಿದಾಗ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಕೆಳಗೆ ಕುಳಿತು, ಆ ಹಾಳೆಯನ್ನು ಎಲ್ಲ ಕವಲಿನವರ ಮುಂದೆ ಹರಡುವುದು ಕಚೇರಿಗೆ ಹತ್ತು ಸಲ ಅಲೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಪ್ರಶ್ನೆ: ನನ್ನ ಮಗಳು ಅಮೆರಿಕದ ಓಹಿಯೊದಲ್ಲಿದ್ದಾಳೆ. ಅವಳ ನೆರೆಮನೆಯವರು ತಮ್ಮ ಪೂರ್ವಜ ಸೈನಿಕನಿಗೆ ಸರ್ಕಾರ ಕೊಟ್ಟ ಭೂಮಿಯ ಕಡತದಿಂದ ಆರು ತಲೆಮಾರಿನ ವಿವರಗಳನ್ನು ಪಡೆದರಂತೆ. ನಮ್ಮ ಪೂರ್ವಜರೂ ಸೈನಿಕ ಸೇವೆಗಾಗಿಯೇ ಭೂಮಿ ಪಡೆದವರು. ಅಂಥ ಕಡತ ನಮ್ಮಲ್ಲಿ ಏಕೆ ಸಿಗುವುದಿಲ್ಲ?
ಕುಶಾಲನಗರದ ಓದುಗರು

ಉತ್ತರ: ಎರಡೂ ಕಡೆ ಸೈನಿಕನಿಗೆ ಭೂಮಿ ದೊರೆತದ್ದು ನಿಜ, ಆದರೆ ಅದು ದೊರೆತ ರೀತಿ ಬೇರೆಯಾದುದರಿಂದ ಉಳಿದ ಕಾಗದವೂ ಬೇರೆ.

ಅಮೆರಿಕದಲ್ಲಿ ಸ್ವಾತಂತ್ರ್ಯ ಯುದ್ಧದ ಸಮಯದಲ್ಲಿ, 1776ರಲ್ಲಿ, ಸಾಮಾನ್ಯ ಸೈನಿಕನಿಗೆ 100 ಎಕರೆ, ಕರ್ನಲ್‌ಗೆ 500 ಎಕರೆ ಎಂದು ಅಲ್ಲಿನ ಕಾಂಗ್ರೆಸ್ ಮಾತು ಕೊಟ್ಟಿತು. ಖಜಾನೆಯಲ್ಲಿ ಹಣವಿರಲಿಲ್ಲ, ಭೂಮಿ ಇತ್ತು. 1812ರ ಯುದ್ಧದಲ್ಲಿ ಹೋರಾಡಿದವರಿಗೂ ಇದೇ ರೀತಿ ಭೂಮಿ ದೊರೆಯಿತು. ಕೊನೆಗೆ 1855ರ ಕಾಯಿದೆ, ಹದಿನಾಲ್ಕು ದಿನ ಸೇವೆ ಸಲ್ಲಿಸಿದವರಿಗೂ 160 ಎಕರೆಯ ಹಕ್ಕು ಕೊಟ್ಟಿತು. ಆದರೆ ಅದನ್ನು ಪಡೆಯಬೇಕಾದರೆ ಸೈನಿಕನು ಅರ್ಜಿ ಹಾಕಿ, ತಾನು ಯಾವ ದಳದಲ್ಲಿ, ಯಾರ ಕೈಕೆಳಗೆ, ಎಷ್ಟು ದಿನ ಇದ್ದೆನೆಂದು ಪ್ರಮಾಣ ಮಾಡಿ ಹೇಳಬೇಕಿತ್ತು. ಅವನು ತೀರಿಕೊಂಡಿದ್ದರೆ ಹೆಂಡತಿಯು ತನ್ನ ಮದುವೆಯನ್ನು ರುಜುವಾತುಪಡಿಸಬೇಕಿತ್ತು. ಅದಕ್ಕಾಗಿ ಮನೆಯ ಬೈಬಲಿನಲ್ಲಿ ಹುಟ್ಟು ಸಾವುಗಳನ್ನು ಬರೆದಿಟ್ಟ ಪುಟವನ್ನೇ ಹರಿದು ಅರ್ಜಿಗೆ ಲಗತ್ತಿಸಿದವರಿದ್ದಾರೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಆ ಅರ್ಜಿಗಳೇ ಅವರಿಗೆ ವಂಶಾವಳಿಯ ಗಣಿ. ಆದರೂ ಅವರಿಗೆ ಒಂದು ನಷ್ಟವಿದೆ. ಬಹಳಷ್ಟು ಸೈನಿಕರು ಹಕ್ಕುಪತ್ರವನ್ನು ಕೈಗೆ ಬಂದೊಡನೆ ಮಾರಿಬಿಟ್ಟರು. ಹೀಗಾಗಿ ಭೂಮಿಯ ಅಂತಿಮ ಪಟ್ಟೆಯಲ್ಲಿ ಸೈನಿಕನ ಜೊತೆಗೆ ಇನ್ನಾರದೋ ಹೆಸರಿರುತ್ತದೆ, ಸೈನಿಕನ ಮೊಮ್ಮಕ್ಕಳು ಆ ನೆಲವನ್ನು ಕಂಡೇ ಇರುವುದಿಲ್ಲ. ಜೊತೆಗೆ 1800ರ ನವೆಂಬರಿನಲ್ಲಿ ಅಲ್ಲಿನ ಯುದ್ಧ ಇಲಾಖೆಗೆ ಬೆಂಕಿ ಬಿದ್ದು ಮೊದಲಿನ ದಾಖಲೆಗಳು ಸುಟ್ಟುಹೋದವು.

ನಮ್ಮಲ್ಲಿ ಯಾರೂ ತಾನು ಸೈನಿಕನೆಂದು ಅರ್ಜಿ ಬರೆದು ರುಜುವಾತು ಕೊಡಬೇಕಾಗಿರಲಿಲ್ಲ. ಸೇವೆಯ ಹೊಣೆ ಹುಟ್ಟಿನಿಂದಲೇ ಬರುತ್ತಿತ್ತು. ಆದುದರಿಂದ ತಮ್ಮ ಪೂರ್ವಜರ ಸೈನಿಕ ಕಡತವೆಂಬುದನ್ನು ಹುಡುಕುತ್ತ ಹೋದರೆ ನಿರಾಶೆಯಾಗುತ್ತದೆ. ಹುಡುಕಬೇಕಾದದ್ದು ಕಂದಾಯದ ಕಡತವನ್ನು. ಅಮೆರಿಕದ ಅರ್ಜಿಯಲ್ಲಿ ಮನುಷ್ಯನ ಕಥೆಯಿದೆ, ನೆಲ ಕೈತಪ್ಪಿದೆ. ನಮ್ಮ ಕಡತದಲ್ಲಿ ಕಥೆಯಿಲ್ಲ, ಆದರೆ ಮಾರಲಾಗದ ನೆಲವಾದ್ದರಿಂದ ಇನ್ನೂರು ವರ್ಷಗಳ ಹಿಂದಿನ ಗದ್ದೆಯ ಬದುವಿನ ಮೇಲೆಯೇ ಇಂದಿನ ಒಕ್ಕದವರು ನಡೆದಾಡುತ್ತಿದ್ದಾರೆ. ಗದ್ದೆಯ ಹೆಸರು, ಅದಕ್ಕೆ ಸೇರಿದ ಬಾಣೆಯ (ಮರ, ಸೊಪ್ಪು, ಮೇವಿಗೆ ಬಿಟ್ಟ ಜಾಗದ) ಹೆಸರು, ಪಕ್ಕದ ಒಕ್ಕದ ಹೆಸರು ಇವು ಬದಲಾಗದೆ ಉಳಿದಿರುವುದರಿಂದ, ಹೆಸರಿನ ಜಾಡು ತಪ್ಪಿದಲ್ಲಿ ನೆಲದ ಜಾಡನ್ನು ಹಿಡಿದು ಮುಂದುವರಿಯಬಹುದು. ಓಹಿಯೊದ ನೆರೆಮನೆಯವರಿಗೆ ಇಲ್ಲದ ಈ ಅನುಕೂಲ ತಮಗಿದೆ.

ಇಂಥ ಕಡತಗಳು ಎಲ್ಲಿವೆ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಗ್ರಾಮಕ್ಕೆ ಸಂಬಂಧಿಸಿದವು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತವೆ. ಪೊನ್ನಂಪೇಟೆ ಮತ್ತು ಕುಶಾಲನಗರ ಇತ್ತೀಚೆಗೆ ಆದ ತಾಲ್ಲೂಕುಗಳು. ಅಲ್ಲಿಯ ಗ್ರಾಮಗಳ ಹಳೆಯ ದಾಖಲೆಗಳನ್ನು ಕ್ರಮವಾಗಿ ವಿರಾಜಪೇಟೆ ಮತ್ತು ಸೋಮವಾರಪೇಟೆಯ ಹೆಸರಿನಲ್ಲಿ ಕೇಳಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಜಿಲ್ಲಾ ಮಟ್ಟದವು ಇರುತ್ತವೆ. ಬ್ರಿಟಿಷ್ ಕಮಿಷನರರ ಆಡಳಿತದ ಕಾಲದ ಪತ್ರವ್ಯವಹಾರ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಇದೆ. ಬಾಯಿಮಾತಿನಲ್ಲಿ ಕೇಳಿ ಇಲ್ಲವೆನ್ನಿಸಿಕೊಂಡು ಹಿಂದಿರುಗಬೇಡಿ. ಗ್ರಾಮ, ಸರ್ವೆ ನಂಬರು, ಬೇಕಾದ ಕಾಲಾವಧಿ ಇವನ್ನು ಸ್ಪಷ್ಟವಾಗಿ ಬರೆದು ನಕಲಿಗೆ ಅರ್ಜಿ ಕೊಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಸಲ್ಲಿಸಿ. ಅದಕ್ಕೆ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಕೊಡಲೇಬೇಕು.

ಪ್ರಶ್ನೆ: ನಾವು ಅರೆಭಾಷೆ ಗೌಡರು. ಜಮ್ಮಾ ದಾಖಲೆಗಳು ಕೊಡವರಿಗೆ ಮಾತ್ರ ಸಂಬಂಧಿಸಿದವೆಂದು ಹೇಳುತ್ತಾರೆ. ನಾವು ಹುಡುಕುವುದು ವ್ಯರ್ಥವೇ?
ಭಾಗಮಂಡಲದ ಓದುಗರು

ಉತ್ತರ: ವ್ಯರ್ಥವಲ್ಲ, ಅಗತ್ಯವಾಗಿ ಹುಡುಕಿ. ಜಮ್ಮಾ ಎಂಬುದು ಒಂದು ಹಿಡುವಳಿಯ ಹೆಸರೇ ಹೊರತು ಒಂದು ಜನಾಂಗದ ಹೆಸರಲ್ಲ. ಕೊಡವರಲ್ಲಿ ಅದು ಹೆಚ್ಚಾಗಿದ್ದುದು ನಿಜವಾದರೂ ಅರೆಭಾಷೆ ಗೌಡರಿಗೂ ಇತರ ಕೆಲವು ಸಮುದಾಯದವರಿಗೂ ಜಮ್ಮಾ ಭೂಮಿ ಇತ್ತು. 1861ರಲ್ಲಿ ಆಯುಧ ಕಾಯಿದೆಯಿಂದ ಕೊಡಗಿನವರಿಗೆ ವಿನಾಯಿತಿ ದೊರೆತ ಮೇಲೆ ಇಂದಿನವರೆಗೂ ಆ ವಿನಾಯಿತಿಯಲ್ಲಿ ಕೊಡವರನ್ನು ಒಂದು ವರ್ಗವಾಗಿಯೂ ಜಮ್ಮಾ ಹಿಡುವಳಿದಾರರನ್ನು ಇನ್ನೊಂದು ವರ್ಗವಾಗಿಯೂ ಹೇಳುತ್ತ ಬಂದಿರುವುದು ಇದಕ್ಕೆ ಸಾಕಷ್ಟು ಆಧಾರ. ತಮ್ಮ ಮನೆಯಲ್ಲಿ ಹಿರಿಯರ ಕಾಲದ ಕೋವಿಯಿದ್ದು, ಅದಕ್ಕೆ ಸಂಬಂಧಿಸಿದ ವಿನಾಯಿತಿ ಪತ್ರವಿದ್ದರೆ ಅದನ್ನು ಮೊದಲು ತೆಗೆದು ನೋಡಿ. ಜಮ್ಮಾ ಹಿಡುವಳಿಯ ಆಧಾರದ ಮೇಲೆ ಪಡೆದ ಪತ್ರವಾಗಿದ್ದರೆ ಅದರ ಹಿಂದಿನ ಅರ್ಜಿಯಲ್ಲಿ ಯಾರ ಜಮ್ಮಾ, ಅವರಿಗೂ ಅರ್ಜಿದಾರರಿಗೂ ಏನು ಸಂಬಂಧ ಎಂಬ ವಿವರ ಸಿಗುವ ಸಂಭವವಿದೆ.

ಪ್ರಶ್ನೆ: ಐನ್‌ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದವೊಂದರಲ್ಲಿ ಜಯ ಸಂವತ್ಸರವೆಂದು ಮಾತ್ರ ಇದೆ, ಇಸವಿ ಇಲ್ಲ. 1834 ಎಂದು ಒಬ್ಬರು ಹೇಳಿದರು. ಹಾಗಾದರೆ ಇದು ಕೊನೆಯ ಅರಸನ ಕಾಲದ ಕಾಗದವಾಗುತ್ತದೆ. ನಂಬಬಹುದೇ? ಕಾಗದದ ಅಂಚು ಪುಡಿಯಾಗುತ್ತಿದೆ, ಲ್ಯಾಮಿನೇಷನ್ ಮಾಡಿಸಲೇ?
ನಾಪೋಕ್ಲುವಿನ ಓದುಗರು

ಉತ್ತರ: ಮೊದಲು ಎರಡನೆಯ ಪ್ರಶ್ನೆಗೆ ಉತ್ತರ, ಏಕೆಂದರೆ ಅದು ತುರ್ತಿನದು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಯಲ್ಲಿ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ, ಒಳಗಿನ ತೇವ ಒಳಗೇ ಉಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಅಂಥ ಕಾಗದ ಕಂದುಬಣ್ಣಕ್ಕೆ ತಿರುಗಿ ಒಳಗೊಳಗೇ ನಶಿಸುವುದನ್ನು ಕಂಡಿದ್ದೇನೆ. ಬಿಸಿಲು ನೇರವಾಗಿ ಬೀಳದ ಬೆಳಕಿನಲ್ಲಿ, ಮಡಿಕೆಗಳನ್ನು ಬಲವಂತವಾಗಿ ಬಿಡಿಸದೆ, ಎರಡೂ ಬದಿಯ ಛಾಯಾಚಿತ್ರ ತೆಗೆದುಕೊಳ್ಳಿ. ಆಮೇಲೆ ಒಗೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ.

ಇನ್ನು ಇಸವಿ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1834ರ ಯುಗಾದಿಗೆ ಆರಂಭವಾದದ್ದು ಜಯ ಸಂವತ್ಸರವೇ. ಆದರೆ 1894 ಮತ್ತು 1954ರಲ್ಲಿ ಆರಂಭವಾದವೂ ಜಯವೇ. ಸಂವತ್ಸರದ ಹೆಸರೊಂದರಿಂದ ಇದು ಅರಸರ ಕಾಲದ್ದೆಂದು ತೀರ್ಮಾನಿಸಿದರೆ ಅರವತ್ತು ವರ್ಷ, ಅಂದರೆ ಎರಡು ತಲೆಮಾರು, ತಪ್ಪಿಹೋಗಬಹುದು. ನಿರ್ಧರಿಸಲು ಕಾಗದದೊಳಗಿನ ಬೇರೆ ಗುರುತುಗಳನ್ನು ನೋಡಬೇಕು. ಅದು ಛಾಪಾ ಕಾಗದವಾಗಿದ್ದು ಮೂಲೆಯಲ್ಲಿ ರಾಣಿಯ ಮುಖವಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು: ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ, ನಡುವೆ ಬರುವ ಜಯ 1894ರದು ಮಾತ್ರ. ಎಕರೆ, ಸೆಂಟು, ಸರ್ವೆ ನಂಬರು ಎಂಬ ಮಾತುಗಳಿದ್ದರೂ ಅದು ಅರಸರ ಕಾಲದ್ದಲ್ಲ. ಅವಾವುವೂ ಇಲ್ಲದೆ ಭಟ್ಟಿಯ ಲೆಕ್ಕವೂ ವರಹ, ಹಣಗಳ ಲೆಕ್ಕವೂ ಅರಸರ ಅಧಿಕಾರಿಗಳ ಹೆಸರೂ ಇದ್ದರೆ 1834 ಎನ್ನಲು ಬಲ ಬರುತ್ತದೆ.

ಅಂಕಿಗಳನ್ನು ಓದುವಾಗಲೂ ನಿಧಾನವಿರಲಿ. ಹಳೆಯ ಬರವಣಿಗೆಯಲ್ಲಿ ೬ ಮತ್ತು ೯ ಒಂದನ್ನೊಂದು ಹೋಲುತ್ತವೆ, ಶಾನುಭೋಗರ ಅವಸರದ ಕೈಯಲ್ಲಿ ೩ ಕೂಡ ಅವುಗಳ ಜೊತೆ ಸೇರಿಕೊಳ್ಳುತ್ತದೆ. ಅದೇ ಕಾಗದದಲ್ಲಿ ಸಂದೇಹವಿಲ್ಲದ ಕಡೆ, ಉದಾಹರಣೆಗೆ ಕೂಡಿಸಿದ ಮೊತ್ತದಲ್ಲಿ, ಆ ಬರಹಗಾರರು ಆರನ್ನು ಹೇಗೆ ಬರೆದಿದ್ದಾರೆಂದು ಮೊದಲು ನೋಡಿಕೊಂಡು ಆಮೇಲೆ ಉಳಿದುದನ್ನು ಓದಿ.

ಪ್ರಶ್ನೆ: ಈ ದಾಖಲೆಗಳಲ್ಲೆಲ್ಲ ಗಂಡಸರ ಹೆಸರುಗಳೇ ಇವೆ. ನಮ್ಮ ಮನೆಯಲ್ಲಿ ಒಂದು ಮಾತು ನಡೆದುಬಂದಿದೆ: ನಮ್ಮ ತಾಯಿಯ ಕಡೆಯ ಮುತ್ತಜ್ಜ ಬೇರೆ ಒಕ್ಕದಲ್ಲಿ ಹುಟ್ಟಿ, ಮದುವೆಯಾಗಿ ಮುತ್ತಜ್ಜಿಯ ಮನೆಗೆ ಬಂದು ನೆಲೆಸಿದವರಂತೆ. ದಾಖಲೆಯಲ್ಲಿ ಅವರ ಹೆಸರು ಮುತ್ತಜ್ಜಿಯ ಒಕ್ಕದ ಹೆಸರಿನೊಡನೆ ಇದೆ. ಯಾವುದು ಸರಿ?
ಗೋಣಿಕೊಪ್ಪಲಿನ ಓದುಗರು

ಉತ್ತರ: ತಾಯಿ, ಎರಡೂ ಸರಿ. ತಾವು ಹೇಳಿದ್ದು ಒಕ್ಕಪರಿಜೆಯ ಮದುವೆಯನ್ನು. ಗಂಡು ಸಂತಾನವಿಲ್ಲದೆ ಒಕ್ಕ ಅಳಿಯುವ ಸ್ಥಿತಿ ಬಂದಾಗ ಮಗಳನ್ನು ಮನೆಯಲ್ಲಿಯೇ ಉಳಿಸಿಕೊಂಡು, ವರನನ್ನು ಆ ಒಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದರು. ಬಂದವನು ಹೆಂಡತಿಯ ಒಕ್ಕದ ಹೆಸರನ್ನು ಪಡೆಯುತ್ತಾನೆ, ಮಕ್ಕಳೂ ಅದೇ ಒಕ್ಕದವರಾಗುತ್ತಾರೆ. ಮಕ್ಕಪರಿಜೆ ಎಂಬ ಇನ್ನೊಂದು ಕ್ರಮದಲ್ಲಿ ಗಂಡ ತನ್ನ ಒಕ್ಕದವನಾಗಿಯೇ ಉಳಿದು ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಕಂದಾಯದ ಕಡತ ಈ ಯಾವುದನ್ನೂ ವಿವರಿಸುವುದಿಲ್ಲ. ಒಕ್ಕದ ಹೆಸರಿನ ಜೊತೆ ಒಬ್ಬ ಗಂಡಸಿನ ಹೆಸರನ್ನು ಬರೆದು ಮುಂದೆ ಹೋಗುತ್ತದೆ. ಕಡತವನ್ನು ಮಾತ್ರ ನಂಬಿದರೆ ಆ ಒಕ್ಕವನ್ನು ಅಳಿಯದಂತೆ ಹಿಡಿದುನಿಂತ ಹೆಣ್ಣುಮಗಳೇ ವಂಶಾವಳಿಯಿಂದ ಕಾಣೆಯಾಗಿಬಿಡುತ್ತಾಳೆ. ಇದು ನನ್ನನ್ನು ಬಹಳ ಕಾಡಿರುವ ಸಂಗತಿ. ಆದುದರಿಂದ ತಾವು ಬರೆಯುವ ವಂಶಾವಳಿಯಲ್ಲಿ ಮುತ್ತಜ್ಜಿಯ ಹೆಸರನ್ನು ಮುಖ್ಯ ಸಾಲಿನಲ್ಲಿಯೇ ಬರೆಯಿರಿ. ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಅವರು ಹುಟ್ಟಿದ ಒಕ್ಕ ಯಾವುದು, ಒಕ್ಕಪರಿಜೆಯಾಗಿ ಬಂದವರು ಎಂಬುದನ್ನು ನಮೂದಿಸಿ.

ಇದಕ್ಕೆ ಆಧಾರ ಹುಡುಕಬೇಕಾದದ್ದು ಕಚೇರಿಯಲ್ಲಿ ಅಲ್ಲ, ಅರುವರ ಮನೆಯಲ್ಲಿ. ಪ್ರತಿ ಒಕ್ಕಕ್ಕೂ ಇನ್ನೊಂದು ಒಕ್ಕದ ಅರುವರಿರುತ್ತಾರೆ. ಮದುವೆಯ ಸಂಬಂಧ ಕೊಡುವ ಶಾಸ್ತ್ರದಲ್ಲಿ ಎರಡು ಒಕ್ಕಗಳ ಪರವಾಗಿ ನಿಂತು ಹಕ್ಕುಗಳನ್ನು ಕೇಳಿ ಹೇಳುವವರು ಅವರೇ. ಅಲ್ಲಿ ಕೈಯಿಂದ ಕೈಗೆ ಎಣಿಸಿ ಕೊಡುವ ಹನ್ನೆರಡು ಕಲ್ಲುಗಳು ಹೆಣ್ಣಿಗೆ ಹೊಸ ಒಕ್ಕದಲ್ಲಿ ದೊರೆಯುವ ಹಕ್ಕಿನ ಗುರುತು. ಯಾವ ಮದುವೆಯಲ್ಲಿ ಏನು ಮಾತಾಯಿತು, ಯಾರು ಯಾವ ಒಕ್ಕಕ್ಕೆ ಸೇರಿದರು ಎಂಬುದು ಅರುವರ ಮನೆಯ ಹಿರಿಯರಿಗೆ ತಮ್ಮ ಮನೆಯವರಿಗಿಂತ ಚೆನ್ನಾಗಿ ನೆನಪಿರುವುದುಂಟು. ಮುತ್ತಜ್ಜ ಹುಟ್ಟಿದ ಒಕ್ಕದವರನ್ನೂ ಹೋಗಿ ಕಾಣಿ. ಬಿಟ್ಟುಹೋದ ಮಗನ ನೆನಪು ಆ ಮನೆಯಲ್ಲಿ ಬೇರೆ ರೀತಿಯಲ್ಲಿ ಉಳಿದಿರುತ್ತದೆ. ಎರಡು ಮನೆಗಳಲ್ಲಿ ಬೇರೆ ಬೇರೆಯಾಗಿ ಕೇಳಿದ ಮಾತು ಒಂದಕ್ಕೊಂದು ಹೊಂದಿದರೆ ಅದನ್ನು ಆಧಾರವೆಂದು ಧೈರ್ಯವಾಗಿ ಬರೆಯಬಹುದು. ಯಾರು, ಯಾವ ದಿನ ಹೇಳಿದರೆಂಬುದನ್ನೂ ಜೊತೆಗೆ ಬರೆದಿಡಿ.

ಒಂದು ಮಾತು ಇಲ್ಲಿ ಸೇರಿಸಬೇಕು. ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಪ್ರಮಾಣಪತ್ರವನ್ನು ಇಂಥ ಹುಡುಕಾಟಕ್ಕೆ ಆಧಾರವಾಗಿ ಕೆಲವರು ಕಳುಹಿಸಿದ್ದಾರೆ. ಅದು ಅರ್ಜಿದಾರರೇ ಪ್ರಮಾಣ ಮಾಡಿ ಹೇಳಿದ ವಿವರಗಳ ಮೇಲೆ, ಇಂದಿನ ವ್ಯವಹಾರಕ್ಕಾಗಿ ಕೊಡುವ ಪತ್ರ. ಮೂರು ತಲೆಮಾರಿನ ಹಿಂದಿನ ಸಂಗತಿಗೆ ಅದನ್ನು ಸಾಕ್ಷಿಯಾಗಿ ಹಿಡಿಯಲಾಗದು.

ಪ್ರಶ್ನೆ: ನಮ್ಮ ಅಜ್ಜನ ತಂದೆ ಮಹಾಯುದ್ಧಕ್ಕೆ ಹೋಗಿದ್ದರು, ಅದಕ್ಕಾಗಿ ಮಿಲಿಟರಿಯವರು ಜಾಗ ಕೊಟ್ಟರು ಎಂದು ಮನೆಯಲ್ಲಿ ಹೇಳುತ್ತಾರೆ. ಜಮ್ಮಾ ದಾಖಲೆಯಲ್ಲಿ ಅದರ ಸುಳಿವಿಲ್ಲ. ಮನೆಯಲ್ಲಿ ಉಳಿದಿರುವುದು ಕಪ್ಪಾದ ಎರಡು ಪದಕಗಳು ಮಾತ್ರ. ಅವರ ಬಗ್ಗೆ ತಿಳಿಯುವುದು ಹೇಗೆ?
ಸೋಮವಾರಪೇಟೆಯ ಓದುಗರು

ಉತ್ತರ: ಜಮ್ಮಾ ದಾಖಲೆಯಲ್ಲಿ ಸುಳಿವಿಲ್ಲದಿರುವುದು ಸಹಜ. ಜಮ್ಮಾ ಅರಸರ ಕಾಲದ ಸೇವೆಗೆ ಸಂಬಂಧಿಸಿದ್ದು. ಇಪ್ಪತ್ತನೆಯ ಶತಮಾನದ ಸೈನಿಕರಿಗೆ ಜಾಗ ದೊರೆತಿದ್ದರೆ ಅದು ಸರ್ಕಾರ ದರಖಾಸ್ತಿನ (ಸರ್ಕಾರಿ ಭೂಮಿಗಾಗಿ ಹಾಕುವ ಅರ್ಜಿಯ) ಮೂಲಕ ಮಂಜೂರು ಮಾಡಿದ ಜಾಗವಾಗಿರುತ್ತದೆ. ಅದರ ಕಡತವೇ ಬೇರೆ, ಅದರಲ್ಲಿ ಅರ್ಜಿ, ಮಂಜೂರಾತಿ ಆದೇಶ, ಸಾಗುವಳಿ ಚೀಟಿ ಇರುತ್ತವೆ. ಮನೆಯ ಜಾಗದ ಪಹಣಿಯನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದರೆ ಮೊದಲ ಮಂಜೂರಾತಿಯ ಆದೇಶ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಹೇಳಿ ಕಡತವನ್ನು ಕೇಳಬೇಕು. ಸೈನಿಕನ ಹೆಸರು, ದಳ, ನಂಬರು, ತಂದೆಯ ಹೆಸರು ಆ ಅರ್ಜಿಯಲ್ಲಿಯೇ ಇರಬೇಕು. ಅಮೆರಿಕದ ಅರ್ಜಿಗಳ ಬಗ್ಗೆ ಮೇಲೆ ಬರೆದೆನಲ್ಲ, ನಮ್ಮಲ್ಲಿ ಅದಕ್ಕೆ ಹತ್ತಿರವಾಗುವುದು ಇದೇ.

ಆದರೆ ತಾವು ಆರಂಭಿಸಬೇಕಾದದ್ದು ಕಡತದಿಂದಲ್ಲ, ಕೈಯಲ್ಲಿರುವ ಪದಕಗಳಿಂದ. ಪದಕವನ್ನು ಅಂಚಿನ ಮೇಲೆ ನಿಲ್ಲಿಸಿ, ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಟ್ಟು, ಅಂಚಿನ ದಪ್ಪವನ್ನು ಸುತ್ತಲೂ ನೋಡುತ್ತ ಬನ್ನಿ. ಭಾರತೀಯ ಸೈನಿಕರಿಗೆ ಕೊಟ್ಟ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು ಮತ್ತು ದಳವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಬರಿಗಣ್ಣಿಗೆ ಕಾಣದಿದ್ದರೆ ತೆಳುವಾದ ಕಾಗದವನ್ನು ಅಂಚಿಗೆ ಸುತ್ತಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ. ಅಕ್ಷರಗಳು ಕಾಗದದ ಮೇಲೆ ಮೂಡುತ್ತವೆ. ಹೆಸರಿನ ಕಾಗುಣಿತ ಈಗಿನಂತೆ ಇರಲಾರದು. ಬರೆದುಕೊಂಡವರು ಕೇಳಿಸಿದಂತೆ ಬರೆದುಕೊಂಡಿದ್ದಾರೆ, ಒಕ್ಕದ ಹೆಸರನ್ನು ಒಂದಕ್ಷರಕ್ಕೆ ಇಳಿಸಿಯೂ ಇರಬಹುದು. ಆದ್ದರಿಂದ ಹೆಸರಿಗಿಂತ ನಂಬರನ್ನು ನಂಬಿ.

ನಂಬರು ಮತ್ತು ದಳ ಸಿಕ್ಕಿದರೆ ದಾರಿ ತೆರೆದಂತೆ. ಆ ದಳಕ್ಕೆ ಈಗ ಸಂಬಂಧಿಸಿದ ದಾಖಲೆ ಕಚೇರಿಗೆ, ಉದಾಹರಣೆಗೆ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳವಾಗಿದ್ದರೆ ಬೆಂಗಳೂರಿಗೆ, ಫಿರಂಗಿ ದಳವಾಗಿದ್ದರೆ ನಾಸಿಕಕ್ಕೆ, ತಾವು ವಾರಸುದಾರರೆಂಬ ಆಧಾರದೊಡನೆ ಪತ್ರ ಬರೆಯಬಹುದು. ಮಡಿಕೇರಿಯಲ್ಲಿರುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯವರು ವಿಳಾಸ ಮತ್ತು ಅರ್ಜಿಯ ಕ್ರಮವನ್ನು ತಿಳಿಸಿಕೊಡುತ್ತಾರೆ. ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಕಡತಗಳು ಸಿಗುವುದು ಅಪರೂಪ. ಸುಬೇದಾರ, ಜಮಾದಾರ ದರ್ಜೆಯವರಾಗಿದ್ದರೆ ಆ ಕಾಲದ ಇಂಡಿಯನ್ ಆರ್ಮಿ ಲಿಸ್ಟ್ ಎಂಬ ಮುದ್ರಿತ ಪಟ್ಟಿಯಲ್ಲಿ ಹೆಸರು ಸಿಗಬಹುದು. ಅವರು ಹಿಂದಿರುಗಿ ಬಂದವರೆಂದು ತಾವು ಬರೆದಿರುವಂತೆ ತೋರುತ್ತದೆ. ಬಾರದೆ ಹೋದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆ ಎರಡೂ ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ಹೆಸರುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಇಟ್ಟಿದೆ. ಕೆಲವರ ಹೆಸರಿನ ಕೆಳಗೆ ತಂದೆಯ ಹೆಸರು, ಊರು, ಕೂರ್ಗ್ ಎಂಬ ಮಾತು ಇದೆ. ಬಸ್ರಾದ ಸ್ಮಾರಕದಲ್ಲಿಯೋ ರಂಗೂನಿನ ಸ್ಮಾರಕದಲ್ಲಿಯೋ ಕೆತ್ತಿದ ಆ ಹೆಸರು ಕೈಮಡದಲ್ಲಿ (ಪೂರ್ವಜರ ಗುಡಿಯಲ್ಲಿ) ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀದಿ ಎಂಬ ಎಡೆ ಇಡುವಾಗ ನೆನೆಯುವ ಹೆಸರೇ ಆಗಿರಬಹುದು.

ಪದಕಗಳು ಕಪ್ಪಾಗಿವೆಯೆಂದು ಬರೆದಿದ್ದೀರಿ. ಹಾಗೆಯೇ ಇರಲಿ. ಹುಣಸೆಹಣ್ಣು, ಬೂದಿ, ಅಂಗಡಿಯ ಪಾಲಿಷ್ ಯಾವುದನ್ನೂ ಹಾಕಿ ತಿಕ್ಕಬೇಡಿ; ಹೊಳಪು ಬರುವಷ್ಟರಲ್ಲಿ ಅಂಚಿನ ಅಕ್ಷರಗಳು ಸವೆದಿರುತ್ತವೆ. ಪೆನ್ಸಿಲಿನಲ್ಲಿ ಮೂಡಿದ ಅಕ್ಷರಗಳ ಕಾಗದದ ಛಾಯಾಚಿತ್ರವನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಿ. ಯಾವ ದಳವೆಂದು ಓದಿ ತಿಳಿಸಲು ಪ್ರಯತ್ನಿಸುತ್ತೇನೆ.